ಒಕ್ಕದ ಮನೆ, ಲೈನ್ ಮನೆ, ಹಾಡಿಯ ಮನೆ

(ವಾಸ್ತುಶಿಲ್ಪ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಆಧುನಿಕ ವಾಸ್ತುಶಿಲ್ಪವು ಮೂಲನಿವಾಸಿ ಸಮುದಾಯಗಳ ಬದುಕನ್ನು ಹೇಗೆ ಬದಲಿಸಿದೆ ಎಂಬ ಚರ್ಚೆ ಸಾಮಾನ್ಯವಾಗಿ ಹೆಸರಾಂತ ಕಟ್ಟಡಗಳ ಕಡೆಗೆ, ಅವುಗಳನ್ನು ರೂಪಿಸಿದವರ ಕಡೆಗೆ ತಿರುಗುತ್ತದೆ. ನಾನು ಇಂದು ಮಾತನಾಡಲಿರುವ ಕಟ್ಟಡಕ್ಕೆ ಯಾವ ವಾಸ್ತುಶಿಲ್ಪಿಯ ಹೆಸರೂ ಇಲ್ಲ. ಅದು ವಸತಿ ಯೋಜನೆಯಡಿ ಕಟ್ಟುವ ಮನೆ: ಮುಂದೊಂದು ಹಾಲ್, ಹಿಂದೊಂದು ಕೋಣೆ, ಮೂಲೆಯಲ್ಲಿ ಅಡುಗೆಯ ಜಾಗ, ಹೊರಗೆ ಶೌಚಾಲಯ, ಮೇಲೆ ಕಾಂಕ್ರೀಟ್ ತಾರಸಿ ಅಥವಾ ಶೀಟು. ಕರ್ನಾಟಕದ ಕಾಡಂಚಿನ ಜನರ ಬದುಕನ್ನು ಈ ಮನೆ ಬದಲಿಸಿದಷ್ಟು ಬೇರಾವ ಕಟ್ಟಡವೂ ಬದಲಿಸಿಲ್ಲ ಎಂಬುದು ನನ್ನ ನಂಬಿಕೆ. ಆ ಬದಲಾವಣೆ ಮುಖ್ಯವಾಗಿ ಸಿಮೆಂಟಿನಿಂದ ಬಂದದ್ದಲ್ಲ. ಯಾರನ್ನು ಒಂದು ಮನೆಯವರೆಂದು ಎಣಿಸಬೇಕು ಎಂಬುದನ್ನು ಈ ಮನೆ ಪಾಯ ತೋಡುವ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಉಳಿದ ಬದಲಾವಣೆಗಳೆಲ್ಲ ಆ ತೀರ್ಮಾನದ ಹಿಂದೆ ಬರುತ್ತವೆ. ಕೊಡಗು ಮತ್ತು ಅದಕ್ಕೆ ಹೊಂದಿಕೊಂಡ ನಾಗರಹೊಳೆಯ ಕಾಡುಗಳಲ್ಲಿ ಮೂರು ಬಗೆಯ ಮನೆಗಳು ಅಕ್ಕಪಕ್ಕದಲ್ಲಿಯೇ ಇರುವುದರಿಂದ ಈ ಮಾತನ್ನು ಅಲ್ಲಿಂದಲೇ ವಿವರಿಸುತ್ತೇನೆ.

ಮೊದಲನೆಯದು ಕೊಡವರ ವಂಶದ ಮೂಲ ಮನೆಯಾದ ಐನ್‌ಮನೆ. ಗದ್ದೆಯ ಬಯಲಿಗೆ ಮುಖ ಮಾಡಿ, ತುಸು ಎತ್ತರದ ಜಾಗದಲ್ಲಿ ನಿಂತ ಈ ಮನೆಗೆ ಓಣಿಯ ಮೂಲಕ ಬರಬೇಕು. ಮುಂದೆ ಕಯ್ಯಾಲೆ, ಅಂದರೆ ಉದ್ದನೆಯ ಜಗಲಿ. ಅದರ ಕಂಬಗಳ ನಡುವೆ ಐಮರ ಎಂಬ ದಪ್ಪ ಹಲಗೆಯ ಆಸನ. ಒಳಗೆ ನೆಲ್ಲಕ್ಕಿ ನಡುಬಾಡೆ, ಅಂದರೆ ನಡುಮನೆ, ಅಲ್ಲಿ ಒಕ್ಕದ, ಎಂದರೆ ವಂಶದ ದೀಪ. ದೊಡ್ಡ ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಕೋಣೆಗಳು. ಮನೆಯ ಆವರಣದಲ್ಲಿ ಕಾರೋಣನ, ಎಂದರೆ ಒಕ್ಕದ ಮೂಲಪುರುಷನ ಗುಡಿಯಾದ ಕೈಮಡ. ಈ ನಕ್ಷೆಯನ್ನು ನೀವು ಕಾಗದದ ಮೇಲೆ ಬರೆದರೆ ಅದರಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಎಂಬ ಘಟಕವನ್ನು ಎಲ್ಲಿಯೂ ಗುರುತಿಸಲಾರಿರಿ. ಅಲ್ಲಿ ಇರುವುದು ಒಕ್ಕ: ಒಬ್ಬ ಪೂರ್ವಜನಿಂದ ಬಂದ ಗಂಡು ಸಂತತಿ, ಅವರನ್ನು ಮದುವೆಯಾಗಿ ಬಂದ ಹೆಣ್ಣುಮಕ್ಕಳು, ಒಕ್ಕದ ಹಿರಿಯನಾದ ಪಟ್ಟೆದಾರನ ಯಜಮಾನಿಕೆ, ಸತ್ತವರ ಇರವು. ಯಾರು ಐಮರದಲ್ಲಿ ಕೂರಬೇಕು, ಯಾರು ಕೆಳಗೆ ನಿಲ್ಲಬೇಕು, ದೀಪದ ಎದುರು ಯಾವ ಮಾತು ಆಡಬೇಕು ಎಂಬುದನ್ನು ಮಕ್ಕಳಿಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ. ಮನೆಯೊಳಗೆ ಓಡಾಡುತ್ತಲೇ ಅದು ತಿಳಿಯುತ್ತಿತ್ತು.

ಐನ್‌ಮನೆಯ ಬಗ್ಗೆ ಮಾತನಾಡುವಾಗ ನಾವು ಬೇಗ ಭಾವುಕರಾಗುತ್ತೇವೆ. ಆದ್ದರಿಂದ ಇನ್ನೊಂದು ಸಂಗತಿಯನ್ನೂ ಜೊತೆಗೇ ಹೇಳಬೇಕು. ಆ ಮನೆಯ ಎದುರಿನ ಗದ್ದೆಗಳಲ್ಲಿ ತಲೆಮಾರುಗಳ ಕಾಲ ಜೀತದಾಳುಗಳಾಗಿ ದುಡಿದವರು ಯರವರು ಎಂಬ ಆದಿವಾಸಿಗಳು. ಅವರ ಶ್ರಮದಿಂದ ಕಣಜ ತುಂಬಿತು. ಕಯ್ಯಾಲೆಯಲ್ಲಿ ಅವರಿಗೆ ಆಸನವಿರಲಿಲ್ಲ. ಪರಂಪರೆಯ ಕಟ್ಟಡವೆಂದರೆ ನ್ಯಾಯದ ಕಟ್ಟಡವೆಂದು ಭಾವಿಸುವಂತಿಲ್ಲ. ಹಳೆಯ ನಕ್ಷೆಯೊಂದು ಏನನ್ನು ಹಿಡಿದಿಟ್ಟಿತ್ತು ಎಂದು ಕೇಳುವಾಗ, ಯಾರನ್ನು ಹೊರಗಿಟ್ಟಿತ್ತು ಎಂಬುದನ್ನೂ ಕೇಳಬೇಕು.

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1850ರ ದಶಕದಿಂದ ಯುರೋಪಿಯನ್ನರ ಕಾಫಿ ತೋಟಗಳು ಬೆಟ್ಟಗಳನ್ನು ಏರತೊಡಗಿದವು. ಗದ್ದೆಯ ಸುತ್ತ ಕಟ್ಟಿಕೊಂಡಿದ್ದ ಬದುಕು ಕ್ರಮೇಣ ತೋಟದ ಸುತ್ತ ಕಟ್ಟಿಕೊಂಡಿತು. ತೋಟಗಳು ಒಂದೆಡೆ ಇರಲಿಲ್ಲ. ಅಣ್ಣ ಒಂದು ಬೆಟ್ಟದಲ್ಲಿ, ತಮ್ಮ ಇನ್ನೊಂದು ಬೆಟ್ಟದಲ್ಲಿ ಬಂಗಲೆ ಕಟ್ಟಿದ. ಬಂಗಲೆಗೆ ಡ್ರಾಯಿಂಗ್ ರೂಮ್ ಬಂತು, ಬೆಡ್ ರೂಮ್ ಬಂತು, ಪ್ರತಿ ಕೋಣೆಗೂ ಒಬ್ಬ ಒಡೆಯ ಬಂದ. ಐನ್‌ಮನೆ ಕೈಲ್‌ಪೊಳ್ದ್‌ಗೆ, ಪುತ್ತರಿಗೆ (ಇವೆರಡೂ ಕೊಡವರ ಹಬ್ಬಗಳು), ಕಾರೋಣನಿಗೆ ಎಡೆ ಇಡುವ ದಿನಕ್ಕೆ ಸೇರುವ ಮನೆಯಾಯಿತು. ಕೆಲವು ಒಕ್ಕಗಳ ಮನೆಗಳು ಮಳೆಗೆ ಕುಸಿದವು. ಕೆಲವರು ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಕಾಂಕ್ರೀಟಿನಲ್ಲಿ ಹೊಸ ಐನ್‌ಮನೆ ಕಟ್ಟಿದರು. ನಡುಬಾಡೆಯನ್ನೂ ದೀಪದ ಸ್ಥಾನವನ್ನೂ ಉಳಿಸಿಕೊಂಡರು. ಪರಂಪರೆಯ ಪ್ರೇಮಿಗಳು ಇಂಥ ಮನೆಗಳನ್ನು ನೋಡಿ ಮೂಗು ಮುರಿಯುತ್ತಾರೆ. ನನಗೆ ಅವು ತುಂಬ ಮುಖ್ಯವಾಗಿ ಕಾಣುತ್ತವೆ. ಒಕ್ಕಕ್ಕೆ ಭೂಮಿಯಿತ್ತು, ಹಣವಿತ್ತು, ತನ್ನ ಮನೆಯಲ್ಲಿ ಏನು ಉಳಿಯಬೇಕು, ಏನು ಹೋಗಬಹುದು ಎಂದು ಕೂತು ತೀರ್ಮಾನಿಸುವ ಅಧಿಕಾರವಿತ್ತು. ಮರ ಹೋಗಿ ಕಾಂಕ್ರೀಟ್ ಬಂದರೂ ಒಕ್ಕದ ಸ್ಥಾನ ಉಳಿಯಿತು. ಈ ಅಧಿಕಾರವಿಲ್ಲದವರ ಮನೆಗಳಿಗೆ ಏನಾಯಿತು ಎಂಬುದು ನನ್ನ ಮುಂದಿನ ಮಾತು.

ಕಾಫಿಯೊಂದಿಗೆ ಬಂದ ಎರಡನೆಯ ಮನೆ ಲೈನ್ ಮನೆ. ತೋಟದ ಒಂದು ಬದಿಯಲ್ಲಿ ಸಾಲಾಗಿ ಕಟ್ಟಿದ, ಒಂದಕ್ಕೊಂದು ಗೋಡೆ ಹಂಚಿಕೊಂಡ ಕೋಣೆಗಳು. ಎದುರು ಒಂದು ಕಿರಿದಾದ ಜಗಲಿ, ಒಳಗೆ ಒಂದು ಕೋಣೆ, ಅದರ ಹಿಂದೆ ಒಲೆ. ಕಾರ್ಮಿಕರಿಗೆ ವಸತಿ ಒದಗಿಸುವುದನ್ನು 1951ರ ತೋಟ ಕಾರ್ಮಿಕರ ಕಾಯ್ದೆ ಮಾಲೀಕರ ಹೊಣೆಯನ್ನಾಗಿ ಮಾಡಿತು. ಆ ಕಾಯ್ದೆಯ ಉದ್ದೇಶ ಒಳ್ಳೆಯದು. ಆದರೆ ಅದು ಮನೆಯನ್ನು ಕೆಲಸಕ್ಕೆ ಕಟ್ಟಿತು. ಕೆಲಸ ಬಿಟ್ಟರೆ ಮನೆ ಬಿಡಬೇಕು, ವಯಸ್ಸಾದರೆ ಮಗ ಅದೇ ತೋಟದಲ್ಲಿ ದುಡಿಯಬೇಕು. 1976ರಲ್ಲಿ ಜೀತ ಪದ್ಧತಿ ಕಾನೂನಿನ ಪ್ರಕಾರ ರದ್ದಾದ ಮೇಲೂ ಯರವರು, ಪಣಿಯರು, ಕಾಡಿನಿಂದ ಹೊರಬಂದ ಜೇನುಕುರುಬರು ಅದೇ ಸಾಲುಗಳಲ್ಲಿ ಉಳಿದದ್ದಕ್ಕೆ ಈ ಕಟ್ಟಡ ಒಂದು ದೊಡ್ಡ ಕಾರಣ. ಸೂರು ಬೇರೆಯವರದಾದ ಮೇಲೆ ಕೂಲಿಯ ಬಗ್ಗೆ ಜಗಳವಾಡುವುದು ಕಷ್ಟ. ಲೈನ್ ಮನೆಯ ಅಂಗಳದಲ್ಲಿ ಕುಲದೇವರನ್ನು ನೆಲೆಗೊಳಿಸುವುದು, ಸತ್ತವರನ್ನು ಹೂಳುವುದು, ನೆಂಟರಿಗೆ ಪಕ್ಕದಲ್ಲೊಂದು ಗುಡಿಸಲು ಹಾಕಿಕೊಡುವುದು, ಎಲ್ಲಕ್ಕೂ ಮಾಲೀಕರ ಒಪ್ಪಿಗೆ ಬೇಕು. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ತೆರವುಗೊಳಿಸಿದಾಗ ಇಡೀ ರಾಜ್ಯ ಆ ಹೆಸರನ್ನು ಕೇಳಿತು. ಲೈನ್ ಮನೆಗಳನ್ನು ಬಿಟ್ಟು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಬದುಕಲು ಜನ ಯಾಕೆ ಸಿದ್ಧರಾದರು ಎಂದು ಆಗ ಅಚ್ಚರಿಪಟ್ಟವರಿದ್ದರು. ಲೈನ್ ಮನೆಯ ನಕ್ಷೆಯನ್ನು ಒಮ್ಮೆ ಗಮನವಿಟ್ಟು ಓದಿದವರಿಗೆ ಅಚ್ಚರಿಯಾಗಲಾರದು.

ಮೂರನೆಯದು ಹಾಡಿಯ, ಎಂದರೆ ಕಾಡಿನ ಆದಿವಾಸಿಗಳ ಊರಿನ, ಮನೆ. ಈ ಮನೆಯನ್ನು ನಮ್ಮ ವೃತ್ತಿ ಅತಿ ಕಡಿಮೆ ಅರ್ಥ ಮಾಡಿಕೊಂಡಿದೆ ಎಂದು ನನಗನ್ನಿಸುತ್ತದೆ. ಬಿದಿರಿನ ತಡಿಕೆ, ಅದರ ಮೇಲೆ ಮಣ್ಣಿನ ಮೆತ್ತು, ಮೇಲೆ ಹುಲ್ಲಿನ ಹೊದಿಕೆ. ಒಳಗೆ ಬಗ್ಗಿ ಹೋಗಬೇಕಾದ ಒಂದೇ ಒಂದು ಕೋಣೆ. ಸಮೀಕ್ಷೆಗೆ ಹೋದ ಎಂಜಿನಿಯರು ಅದನ್ನು ಅಳೆದು ‘ಕಚ್ಚಾ ಮನೆ’ ಎಂದು ಬರೆದುಕೊಳ್ಳುತ್ತಾರೆ. ಆದರೆ ಅವರು ಅಳೆದದ್ದು ಮನೆಯ ಒಂದು ಭಾಗವನ್ನು ಮಾತ್ರ. ರಾತ್ರಿ ಮಲಗಲು, ಮಳೆಗೆ ಸಾಮಾನು ಕಾಪಾಡಲು, ಒಲೆ ಉರಿಸಲು ಗುಡಿಸಲು. ಹಗಲಿನ ಬದುಕೆಲ್ಲ ಅಂಗಳದಲ್ಲಿ, ಗುಡಿಸಲುಗಳ ನಡುವಿನ ಬಯಲಿನಲ್ಲಿ, ಮರದ ಕೆಳಗೆ. ಜೇನುಕುರುಬರ ಹಾಡಿಗಳಲ್ಲಿ ಮದುವೆಯಾಗದ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಗುಡಿಸಲುಗಳಿದ್ದವು ಎಂದು ಹಳೆಯ ಜನಾಂಗ ವರದಿಗಳು ದಾಖಲಿಸಿವೆ. ಅಂದರೆ ಒಂದು ಕುಟುಂಬದ ಮಕ್ಕಳು ಒಂದೇ ಸೂರಿನ ಕೆಳಗೆ ಮಲಗಬೇಕೆಂಬ ನಿಯಮವೇ ಅಲ್ಲಿರಲಿಲ್ಲ; ಹಾಡಿಯೇ ಅವರ ಮನೆ, ಗುಡಿಸಲುಗಳು ಅದರ ಕೋಣೆಗಳು. ಆ ಮನೆಯ ಎಲ್ಲೆ ಇನ್ನೂ ದೂರ ಹೋಗುತ್ತದೆ: ಜೇನು ಕಟ್ಟುವ ಮರಗಳು, ಗೆಣಸು ಅಗೆಯುವ ಜಾಗ, ದೇವರ ಕಲ್ಲು, ಸತ್ತವರನ್ನು ಮಲಗಿಸಿದ ನೆಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕುಲಗಳಿಗೆ ಸೇರಿದ ಎಲ್ಲೆಗಳನ್ನು ದೇವರು, ಮಾರಮ್ಮ, ವೀರು, ಕಲ್ಲುಗುಡಿ (ಸಮಾಧಿಯ ಕಲ್ಲು), ಅಬ್ಬಿ (ನೀರಿನ ಸೆಲೆ) ಎಂಬ ನೆಲೆಗಳಿಂದ ಗುರುತಿಸುತ್ತಾರೆ. ಪೋಡಿನಲ್ಲಿರುವ, ಎಂದರೆ ಅವರ ಊರಿನಲ್ಲಿರುವ, ಗುಡಿಸಲು ಆ ವಿಶಾಲವಾದ ನಕ್ಷೆಯೊಳಗಿನ ಸಣ್ಣದೊಂದು ಬಿಂದು.

ಇಂಥ ಮನೆಯನ್ನು ವಸತಿ ಯೋಜನೆ ಹೇಗೆ ನೋಡುತ್ತದೆ? 1985ರಲ್ಲಿ ಇಂದಿರಾ ಆವಾಸ್ ಯೋಜನೆ ಬಂತು. 2016ರಲ್ಲಿ ಅದರ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಬಂದು, ಅಡುಗೆ ಜಾಗವೂ ಸೇರಿ ಮನೆಯ ಕನಿಷ್ಠ ವಿಸ್ತೀರ್ಣವನ್ನು 25 ಚದರ ಮೀಟರಿಗೆ ಏರಿಸಿತು. 2023ರ ನವೆಂಬರ್ 15ರಂದು, ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳಿಗಾಗಿ ಪಿಎಂ ಜನಮನ್ ಆರಂಭವಾಯಿತು, ದೇಶದಾದ್ಯಂತ 4.90 ಲಕ್ಷ ಮನೆಗಳು ಅದರ ಗುರಿ. ಕರ್ನಾಟಕದಲ್ಲಿ ಜೇನುಕುರುಬರೂ ಕೊರಗರೂ ಈ ಪಟ್ಟಿಯಲ್ಲಿದ್ದಾರೆ. ನಮ್ಮ ರಾಜ್ಯದ ಯೋಜನೆಗಳಲ್ಲಿ ಹಣ ಕಂತುಗಳಲ್ಲಿ ಬರುತ್ತದೆ: ಪಾಯಕ್ಕೆ ಒಂದು, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ) ಮಟ್ಟಕ್ಕೆ ಒಂದು, ಛಾವಣಿಗೆ ಒಂದು, ಮನೆ ಮುಗಿದಾಗ ಕೊನೆಯದು. ಪ್ರತಿ ಹಂತದಲ್ಲಿಯೂ ಜಿಪಿಎಸ್ ಗುರುತಿನ ಫೋಟೋ ತೆಗೆದು ಕಳುಹಿಸಬೇಕು. ಹಣ ಸೋರಿಹೋಗದಿರಲು ಮಾಡಿದ ವ್ಯವಸ್ಥೆ ಇದು, ಅದರ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ತಡಿಕೆ ಮನೆಗೆ ಲಿಂಟಲ್ ಮಟ್ಟವೆಂಬುದೇ ಇಲ್ಲ. ಅದರಲ್ಲಿ ಮೊದಲು ಕಂಬ ನಿಲ್ಲುತ್ತದೆ, ಆಮೇಲೆ ಸೂರು, ಗೋಡೆ ಬರುವುದು ಕೊನೆಗೆ. ಅಂಥ ಮನೆಯನ್ನು ಉತ್ತಮಪಡಿಸಿ ಕಟ್ಟಬೇಕೆಂದು ಒಬ್ಬ ಜೇನುಕುರುಬ ಹೆಣ್ಣುಮಗಳು ಬಯಸಿದರೆ ಎರಡನೆಯ ಕಂತಿನ ಫೋಟೋ ತೆಗೆಯುವುದು ಯಾವುದನ್ನು? ನಕ್ಷೆಯನ್ನು ಯಾರೂ ಬಲವಂತವಾಗಿ ಹೇರಿಲ್ಲ ಎಂದು ಅಧಿಕಾರಿಗಳು ಹೇಳಿದರೆ ಅದು ಸುಳ್ಳಲ್ಲ. ಬಿಲ್ ಪಾವತಿಯ ಕ್ರಮವೇ ನಕ್ಷೆಯನ್ನು ಬರೆದುಬಿಟ್ಟಿದೆ. ತೋಟದ ಕೂಲಿಗೆ ಹೋಗುವ ಕುಟುಂಬಕ್ಕೆ ಪಾಯಕ್ಕೆ ಬೇಕಾದ ಹಣ ಮುಂಗಡವಾಗಿ ಕೈಯಲ್ಲಿರುವುದಿಲ್ಲವಾದ್ದರಿಂದ ಕೆಲಸ ಕಂಟ್ರಾಕ್ಟರ ಕೈಗೆ ಹೋಗುತ್ತದೆ. ಅವನಿಗೆ ಒಂದೇ ಅಳತೆಯ ಮನೆಗಳನ್ನು ಒಂದೇ ಸಾಲಿನಲ್ಲಿ ಕಟ್ಟುವುದು ಸುಲಭ: ಜೆಸಿಬಿಯಿಂದ ನೆಲ ಮಟ್ಟ ಮಾಡಿದರೆ ಆಯಿತು, ಲಾರಿ ಬರಲು ನೇರ ದಾರಿಯೂ ಆಯಿತು. ಹೀಗೆ ಹಾಡಿ ಕಾಲೋನಿಯಾಗುತ್ತದೆ, ಅದರ ಸಾಲು ಲೈನ್ ಮನೆಯ ಸಾಲನ್ನೇ ಹೋಲುತ್ತದೆ.

ಕಾಡಿನಿಂದ ಹೊರಗೆ ಪುನರ್ವಸತಿಗೊಂಡವರ ಕಾಲೋನಿಗಳಲ್ಲಿ, ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ, ಇದರ ಪರಿಣಾಮ ಇನ್ನೂ ಗಾಢವಾಗಿದೆ, ಏಕೆಂದರೆ ಅಲ್ಲಿ ಸೂರಿನ ಜೊತೆ ಸುತ್ತಲಿನ ಕಾಡೂ ಬದಲಾಗಿದೆ. ಸರ್ಕಾರಿ ಮನೆಯ ಪಕ್ಕದಲ್ಲಿ ಜನ ಮತ್ತೊಂದು ಗುಡಿಸಲು ಹಾಕಿಕೊಂಡು ಅಲ್ಲೇ ಅಡುಗೆ ಮಾಡುವ, ಅಲ್ಲೇ ಬೆಂಕಿಯ ಸುತ್ತ ಕೂರುವ, ತಾರಸಿ ಮನೆಯಲ್ಲಿ ಸೌದೆಯನ್ನೂ ರೇಷನ್ ಅಕ್ಕಿಯನ್ನೂ ಇಟ್ಟುಕೊಳ್ಳುವ ದೃಶ್ಯ ಆದಿವಾಸಿ ಕಾಲೋನಿಗಳಲ್ಲಿ ಸಾಮಾನ್ಯ. ‘ಕೊಟ್ಟ ಮನೆಯನ್ನು ಬಳಸುವುದು ಇವರಿಗೆ ಗೊತ್ತಿಲ್ಲ’ ಎಂದು ಅದನ್ನು ನೋಡಿದವರು ಹೇಳುತ್ತಾರೆ. ನನಗೆ ಅದು ಬಹಳ ಸ್ಪಷ್ಟವಾದ ಉತ್ತರವಾಗಿ ಕಾಣುತ್ತದೆ. ಒಲೆಯ ಹೊಗೆ ಹುಲ್ಲಿನ ಸೂರನ್ನೂ ಬಿದಿರನ್ನೂ ಹುಳುಗಳಿಂದ ಕಾಪಾಡುತ್ತಿತ್ತು, ಹುಲ್ಲಿನ ಸಂದಿನಿಂದಲೇ ಹೊರಗೆ ಹೋಗುತ್ತಿತ್ತು. ಅದೇ ಒಲೆ ತಾರಸಿಯ ಕೆಳಗೆ ಬಂದಾಗ ಹೊಗೆ ಕಣ್ಣಿಗೂ ಎದೆಗೂ ತುಂಬುತ್ತದೆ. ಶೀಟಿನ ಮನೆ ಹಗಲು ಬಿಸಿಲಿಗೆ ಕಾಯುತ್ತದೆ, ಚಳಿಗಾಲದ ರಾತ್ರಿ ಕೊರೆಯುತ್ತದೆ. ಇವೆಲ್ಲ ತಾಂತ್ರಿಕ ದೋಷಗಳು, ಸರಿಪಡಿಸಬಹುದು. ಸರಿಪಡಿಸಲು ಕಷ್ಟವಾದದ್ದು ಬೇರೆ ಇದೆ. ಸೈಟುಗಳನ್ನು ಚೀಟಿ ಎತ್ತಿಯೋ ಪಟ್ಟಿಯ ಕ್ರಮದಲ್ಲೋ ಹಂಚಿದರೆ ಅಕ್ಕನ ಮನೆ ಒಂದು ತುದಿಗೆ, ತಂಗಿಯ ಮನೆ ಇನ್ನೊಂದು ತುದಿಗೆ ಹೋಗುತ್ತದೆ. ಹಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು, ಬೇಟೆ ಇದ್ದ ಕಾಲದಲ್ಲಿ ಮಾಂಸ ಹಂಚುವುದು, ಜೇನು ಹಂಚುವುದು, ಜಗಳ ತೀರಿಸುವುದು, ಎಲ್ಲವೂ ಕಣ್ಣಳತೆಯಲ್ಲಿ ನಡೆಯುತ್ತಿದ್ದ ಕೆಲಸಗಳು. ಸಾಲುಮನೆಯಲ್ಲಿ ಪ್ರತಿ ಬಾಗಿಲೂ ಎದುರಿನ ರಸ್ತೆಯನ್ನು ನೋಡುತ್ತದೆ, ಒಂದು ಬಾಗಿಲು ಇನ್ನೊಂದನ್ನು ನೋಡುವುದಿಲ್ಲ. ಯಜಮಾನನ ಮಾತು ಅಲ್ಲಿ ಕ್ಷೀಣಿಸಿದರೆ, ಮದ್ಯ ವ್ಯಸನ ಹೆಚ್ಚಿದರೆ, ಮುದುಕರು ಒಂಟಿಯಾದರೆ ಅದಕ್ಕೆಲ್ಲ ಕಟ್ಟಡವೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಕಟ್ಟಡ ಅದಕ್ಕೆ ದಾರಿ ಮಾಡಿಕೊಟ್ಟಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಹಾಗಾದರೆ ಗುಡಿಸಲಿಗೆ ಮರಳಬೇಕೇ? ಈ ಪ್ರಶ್ನೆಯನ್ನು ನೀವು ಕೇಳಿಯೇ ಕೇಳುತ್ತೀರಿ, ಕೇಳಬೇಕು ಕೂಡ. ಗಟ್ಟಿ ಮನೆ ಬೇಕೆಂದು ಕೇಳುತ್ತಿರುವವರು ಆದಿವಾಸಿಗಳೇ. ಹುಲ್ಲು ಹೊದಿಸುವ ಕೆಲಸ ಮತ್ತೆ ಮತ್ತೆ ಬರುತ್ತದೆ, ಹುಲ್ಲು ಕೊಯ್ಯಲು ಕಾಡಿಗೆ ಹೋದರೆ ಕೇಸು ಬೀಳುತ್ತದೆ. ಲಾಂಟಾನ ಕಳೆ ಹಬ್ಬಿದ ಕಡೆ ಹುಲ್ಲೇ ಬೆಳೆಯುವುದಿಲ್ಲ. ಬಿದಿರು ಹೂಬಿಟ್ಟು ಒಣಗಿದರೆ ಹೊಸ ಮೆಳೆ ಬಲಿಯಲು ವರ್ಷಗಳು ಬೇಕು. ಅಕ್ಕಿಯ ವಾಸನೆ ಹಿಡಿದು ಬರುವ ಆನೆಗೆ ತಡಿಕೆ ಗೋಡೆ ಏನೂ ಅಲ್ಲ. ಇದೆಲ್ಲಕ್ಕಿಂತ ಮುಖ್ಯವಾದ ಕಾರಣ ಒಂದಿದೆ: ಗಟ್ಟಿ ಮನೆಗೆ ನಂಬರ್ ಸಿಗುತ್ತದೆ, ನಂಬರ್ ಇದ್ದರೆ ಕರೆಂಟ್ ಮೀಟರ್, ರೇಷನ್ ಕಾರ್ಡ್, ಹಕ್ಕುಪತ್ರ. ವಸತಿ ಯೋಜನೆಗಳಲ್ಲಿ ಮನೆಯನ್ನು ಸಾಮಾನ್ಯವಾಗಿ ಹೆಣ್ಣಿನ ಹೆಸರಿಗೆ ಕೊಡುತ್ತಾರೆ. ಅದು ಸಣ್ಣ ಸಾಧನೆಯಲ್ಲ. ಪದೇ ಪದೇ ಎಬ್ಬಿಸಲ್ಪಟ್ಟ ಜನಕ್ಕೆ ಕಾಂಕ್ರೀಟ್ ಗೋಡೆ ಎಂದರೆ ನಾಳೆ ಯಾರೂ ಸುಲಭವಾಗಿ ಕಿತ್ತೆಸೆಯಲಾರದ ಗೋಡೆ. ನಗರದಲ್ಲಿ ತಾರಸಿ ಮನೆಯಲ್ಲಿ ಕುಳಿತು ಅವರಿಗೆ ಮಣ್ಣಿನ ಮನೆಯ ಸೊಬಗನ್ನು ಬೋಧಿಸುವ ಹಕ್ಕು ನಮಗಿಲ್ಲ.

ಇಂಥ ಬೋಧನೆಯ ಗತಿ ಏನಾಗುತ್ತದೆ ಎಂಬುದಕ್ಕೆ ಈಜಿಪ್ಟಿನ ಒಂದು ಉದಾಹರಣೆಯನ್ನು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮರೆಯಬಾರದು. ಲಕ್ಸರ್ ಬಳಿ, ಪುರಾತನ ಸಮಾಧಿಗಳ ಮೇಲೆಯೇ ಮನೆ ಕಟ್ಟಿಕೊಂಡಿದ್ದ ಗುರ್ನಾ ಗ್ರಾಮಸ್ಥರನ್ನು ಸ್ಥಳಾಂತರಿಸಲು ಅಲ್ಲಿನ ಸರ್ಕಾರ ತೀರ್ಮಾನಿಸಿ, 1940ರ ದಶಕದ ಮಧ್ಯದಲ್ಲಿ ಹೊಸ ಊರನ್ನು ಕಟ್ಟುವ ಕೆಲಸವನ್ನು ವಾಸ್ತುಶಿಲ್ಪಿ ಹಸನ್ ಫತಿ ಅವರಿಗೆ ವಹಿಸಿತು. ಅವರು ಸಿಮೆಂಟನ್ನು ದೂರವಿಟ್ಟರು, ನ್ಯೂಬಿಯಾದ ಕುಶಲಿಗಳನ್ನು ಕರೆಸಿದರು, ಮಣ್ಣಿನ ಇಟ್ಟಿಗೆಯಲ್ಲಿ ಕಮಾನುಗಳನ್ನೂ ಗುಮ್ಮಟಗಳನ್ನೂ ಎತ್ತಿದರು. ಇಂದಿಗೂ ಅದರ ಚೆಲುವನ್ನು ಎಲ್ಲರೂ ಮೆಚ್ಚುತ್ತಾರೆ. ಗುರ್ನಾದವರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಲಿಲ್ಲ, ಊರು ಅರ್ಧಕ್ಕೇ ನಿಂತಿತು. ಅವರ ಬದುಕೂ ಸಂಪಾದನೆಯೂ ಬೆಟ್ಟದ ಬಳಿ ಇದ್ದವು, ಸ್ಥಳಾಂತರವೇ ಅವರಿಗೆ ಬೇಡವಾಗಿತ್ತು. ಜೊತೆಗೆ ಗುಮ್ಮಟವೆಂದರೆ ಅವರ ಕಣ್ಣಿಗೆ ಗೋರಿಯ ಮೇಲಿನ ಕಟ್ಟಡ. ಮಣ್ಣು ಸರಿಯಿತ್ತು, ಕಸುಬು ಸರಿಯಿತ್ತು, ಗಾಳಿ ಬೆಳಕು ಸರಿಯಿತ್ತು. ಎಲ್ಲಿ ಇರಬೇಕು, ಹೇಗೆ ಇರಬೇಕು ಎಂಬ ತೀರ್ಮಾನ ಮಾತ್ರ ಅವರದಾಗಿರಲಿಲ್ಲ. ಕಾಂಕ್ರೀಟ್ ಐನ್‌ಮನೆ ಗೆದ್ದು ಮಣ್ಣಿನ ಹೊಸ ಗುರ್ನಾ ಸೋತದ್ದು ಈ ಒಂದು ಕಾರಣಕ್ಕೆ ಎಂದು ನಾನು ತಿಳಿಯುತ್ತೇನೆ.

ನೆರೆಯ ನೀಲಗಿರಿಯ ತೋಡರನ್ನೂ ಇಲ್ಲಿ ನೆನೆಯಬೇಕು. ಬಿದಿರು, ಬೆತ್ತ, ಹುಲ್ಲಿನಿಂದ ಕಮಾನಿನ ಆಕಾರದಲ್ಲಿ ಕಟ್ಟುತ್ತಿದ್ದ ಅವರ ಮನೆಗಳು ಬಹುಪಾಲು ಹೋಗಿ ಕಾಂಕ್ರೀಟ್ ಮನೆಗಳು ಬಂದಿವೆ. ಆದರೆ ಪವಿತ್ರ ಎಮ್ಮೆಗಳ ಹಾಲಿನ ಗುಡಿಗಳನ್ನು ಅವರು ಹಳೆಯ ಕ್ರಮದಲ್ಲೇ, ಅದೇ ಸಾಮಗ್ರಿಯಿಂದ, ಸಮುದಾಯವಾಗಿ ಸೇರಿ ಮತ್ತೆ ಕಟ್ಟುತ್ತಿದ್ದಾರೆ. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬ ಗೆರೆಯನ್ನು ಸಮುದಾಯವೇ ಎಳೆದುಕೊಂಡಾಗ ಅದು ಹೊರಗಿನವರು ಊಹಿಸಲಾರದ ಜಾಗದಲ್ಲಿ ಬೀಳುತ್ತದೆ.

ಈಗ ಮತ್ತೆ ನಾಗರಹೊಳೆ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಸೇರಿದ ಸುಮಾರು 50 ಜೇನುಕುರುಬ ಕುಟುಂಬಗಳು, ದಶಕಗಳ ಕಾಲ ಕಾಫಿ ತೋಟಗಳ ಲೈನ್ ಮನೆಗಳಲ್ಲಿದ್ದವರು, ತಮ್ಮ ಹಿರಿಯರ ನೆಲಕ್ಕೆ ನಡೆದು ಹೋಗಿ ಗುಡಿಸಲು ಕಟ್ಟತೊಡಗಿದರು. ಅರಣ್ಯ ಇಲಾಖೆಗೂ ಅವರಿಗೂ ನಡುವಿನ ಕಾನೂನಿನ ವಿವಾದವನ್ನು ಇಲ್ಲಿ ಬಿಡಿಸಲು ಹೋಗುವುದಿಲ್ಲ. ನನ್ನ ನಿಲುವು ಅವರ ಹಕ್ಕಿನ ಪರವಾಗಿದೆ ಎಂದಷ್ಟೇ ಹೇಳುತ್ತೇನೆ. ವಾಸ್ತುಶಿಲ್ಪಿಯಾಗಿ ನೋಡಬೇಕಾದ ಅಂಶ ಬೇರೆ. ಗಟ್ಟಿ ಗೋಡೆಯ ಲೈನ್ ಮನೆಯನ್ನು ಬಿಟ್ಟು ಕಂಬ ಮತ್ತು ಟಾರ್ಪಾಲಿನ ಸೂರಿಗೆ ಹೋದವರು ಕಟ್ಟಡದ ಲೆಕ್ಕದಲ್ಲಿ ಕೆಳಗಿಳಿದರು. ಅವರ ಲೆಕ್ಕದಲ್ಲಿ ದೇವರು, ಹಿರಿಯರ ಸಮಾಧಿ, ಒಬ್ಬರ ಕಣ್ಣಿಗೆ ಒಬ್ಬರು ಕಾಣುವ ಗುಡಿಸಲುಗಳು ಸೇರಿ ಮನೆ ಪೂರ್ಣವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ದುರ್ಬಲ ಬುಡಕಟ್ಟುಗಳಿಗೆ ವೈಯಕ್ತಿಕ ಭೂಮಿಯ ಹಕ್ಕಿನ ಜೊತೆಗೆ ಆವಾಸಸ್ಥಾನದ ಹಕ್ಕನ್ನೂ ಹೇಳುತ್ತದೆ. ಮಧ್ಯಪ್ರದೇಶದ ದಿಂಡೋರಿಯ ಬೈಗಾ ಜನರಿಗೆ ಅಂಥ ಹಕ್ಕು ಸಿಕ್ಕಿದೆ. ಅಂದರೆ ಒಂದು ಸೂರಿಗಿಂತ ದೊಡ್ಡದಾದ ಮನೆಯ ಕಲ್ಪನೆಗೆ ನಮ್ಮ ಕಾನೂನಿನಲ್ಲಿ ಜಾಗವಿದೆ. ವಸತಿ ಇಲಾಖೆಯ ನಮೂನೆಯಲ್ಲಿ ಅದಕ್ಕೆ ಇನ್ನೂ ಜಾಗವಾಗಿಲ್ಲ.

ನಮ್ಮ ವೃತ್ತಿ ಇಲ್ಲಿ ಮಾಡಬಹುದಾದ ಕೆಲಸ ಸಾಕಷ್ಟಿದೆ, ಮತ್ತು ಅದರಲ್ಲಿ ಬಹುಪಾಲು ನಕ್ಷೆ ಬಿಡಿಸುವುದಕ್ಕಿಂತ ಮೊದಲಿನದು. ಸಾಮಗ್ರಿಯ ಕೊರತೆ ನಮಗಿಲ್ಲ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನದ ಅಸ್ತ್ರ ಕೇಂದ್ರದವರು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯ ತಂತ್ರವನ್ನು ರೂಪಿಸಿ ದಶಕಗಳೇ ಆದವು. ಮಾರ್ಗಸೂಚಿಯ ಅಡ್ಡಿಯೂ ಇಲ್ಲ: ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ದೆಹಲಿ ಐಐಟಿಯ ಜೊತೆ ಸೇರಿ ಹಲವು ರಾಜ್ಯಗಳ ಸ್ಥಳೀಯ ಮನೆಗಳ ವಿನ್ಯಾಸಗಳನ್ನು ‘ಪಹಲ್’ ಎಂಬ ಹೆಸರಿನಲ್ಲಿ ಸಂಕಲಿಸಿದೆ. ಇಲ್ಲದಿರುವುದು ಕ್ರಮ. ಮನೆಯ ನಕ್ಷೆಗೆ ಮುಂಚೆ ಹಾಡಿಯ ನಕ್ಷೆ ಆಗಬೇಕು, ಅದನ್ನು ಗ್ರಾಮಸಭೆಯಲ್ಲಿ ಹಾಡಿಯವರೇ, ಹೆಂಗಸರ ಮಾತಿಗೆ ಸಮಪಾಲು ಕೊಟ್ಟು, ನೆಲದ ಮೇಲೆ ಗೂಟ ನೆಟ್ಟು ಗುರುತಿಸಬೇಕು. ಯಾರ ಪಕ್ಕ ಯಾರು, ಯಾವ ಬಾಗಿಲು ಎತ್ತ, ಬೆಂಕಿ ಎಲ್ಲಿ, ದೇವರು ಎಲ್ಲಿ ಎಂಬುದು ಮೊದಲು ತೀರ್ಮಾನವಾದರೆ, ಆಮೇಲೆ ಗೋಡೆ ಯಾವುದರದ್ದು ಎಂಬುದು ಅಷ್ಟು ದೊಡ್ಡ ಪ್ರಶ್ನೆಯಾಗುವುದಿಲ್ಲ. 25 ಚದರ ಮೀಟರಿನಲ್ಲಿ ಅರ್ಧದಷ್ಟು ಜಾಗ ಸೂರಿರುವ ಜಗಲಿಯಾಗಿ ಹೊರಗೆ ಬಂದರೆ ಅದೂ ಮನೆಯ ವಿಸ್ತೀರ್ಣವೇ ಎಂದು ಒಪ್ಪಬೇಕು. ನಾಲ್ಕು ಕುಟುಂಬಗಳು ತಮ್ಮ ಪಾಲಿನಿಂದ ಒಂದಿಷ್ಟು ಕೂಡಿಸಿ ಒಂದು ಸಾಮೂಹಿಕ ಚಾವಡಿ ಕಟ್ಟಿಕೊಳ್ಳುತ್ತೇವೆ ಎಂದರೆ ಅದಕ್ಕೆ ಕಂತು ಬಿಡುಗಡೆಯಾಗಬೇಕು. ಪಾಯ, ಲಿಂಟಲ್, ಛಾವಣಿ ಎಂಬ ಹಂತಗಳ ಜೊತೆಗೆ ಕಂಬ, ಸೂರು, ಗೋಡೆ ಎಂಬ ಇನ್ನೊಂದು ಕ್ರಮವನ್ನೂ ಫೋಟೋಗೆ ಒಪ್ಪಿದರೆ ತಡಿಕೆ ಮನೆಯನ್ನು ಗಟ್ಟಿ ಮಾಡಿ ಕಟ್ಟುವ ಆಯ್ಕೆ ಮೊದಲ ಬಾರಿಗೆ ನಿಜವಾದ ಆಯ್ಕೆಯಾಗುತ್ತದೆ. ಯಾರಿಗೆ ತಾರಸಿ ಬೇಕೋ ಅವರು ತಾರಸಿಯನ್ನೇ ಕಟ್ಟಿಕೊಳ್ಳಲಿ. ಪಿಎಂ ಜನಮನ್ ಮನೆಗಳ ಕೆಲಸ ಈಗ ನಡೆಯುತ್ತಿರುವುದರಿಂದ, ನಿಮ್ಮಲ್ಲಿ ಯಾರಿಗೆ ಆಸಕ್ತಿಯಿದೆಯೋ ಅವರು ಮುಂದಿನ ರಜೆಯಲ್ಲಿ ಯಾವುದಾದರೊಂದು ಹಾಡಿಗೆ, ಅಲ್ಲಿನವರ ಒಪ್ಪಿಗೆ ಪಡೆದು ಹೋಗಿ, ಗುಡಿಸಲುಗಳ ಒಳಗನ್ನು ಅಳೆಯುವ ಮೊದಲು ಅವುಗಳ ನಡುವಿನ ಜಾಗವನ್ನು ಅಳೆದು ತನ್ನಿ. ಆ ಅಳತೆಗಳು ಜಿಲ್ಲಾ ಪಂಚಾಯಿತಿಯ ಕಡತದಲ್ಲಿ ಇಂದು ಇಲ್ಲ, ಮತ್ತು ಮುಂದಿನ ಕಾಲೋನಿಯ ಸೈಟು ಗುರುತಿಸುವಾಗ ಅವು ಬೇಕಾಗುತ್ತವೆ.